ಬೆನ್ನು ಕೈಕೊಟ್ಟ ಮೇಲೆ ಮೂರು ಚಕ್ರದ ಒರಗು ಸೈಕಲ್: ಕೊಡಗಿನ ರಸ್ತೆಗೆ ಯಾವುದು, ಹೇಗೆ

ಸೊಂಟದ ಡಿಸ್ಕ್ ಜಾರಿದವರು, ಮರಕಪಾತು (ತೋಟದ ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗಲೋ ಕಾಳುಮೆಣಸಿನ ಏಣಿಯಿಂದಲೋ ಬಿದ್ದು ಬೆನ್ನುಮೂಳೆಗೆ ಏಟು ಮಾಡಿಕೊಂಡವರು ಮತ್ತೆ ಸೈಕಲ್ ತುಳಿಯಬೇಕು ಅಂದುಕೊಂಡಾಗ ಯಾರಾದರೊಬ್ಬರು ರಿಕಂಬೆಂಟ್ ಟ್ರೈಕ್‌ನ ವಿಡಿಯೊ ಕಳಿಸಿರುತ್ತಾರೆ. ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಕೂತು, ಕಾಲು ಮುಂದೆ ಚಾಚಿ ತುಳಿಯುವ ಮೂರು ಚಕ್ರದ ಗಾಡಿ ಅದು. ನೋಡಿದವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ತೂಕ, ಆಮೇಲೆ ಗೇರು. ನೊಂದ ಬೆನ್ನಿನವರು ಮೊದಲು ಕೇಳಬೇಕಾದ್ದು ಸೀಟು ನೆಲದಿಂದ ಎಷ್ಟು ಎತ್ತರ ಅನ್ನುವುದನ್ನು. ಒರಗಿ ಕೂತಿದ್ದಾಗ ಬೆನ್ನಿಗೆ ಹಿತವಾಗೇ ಇರುತ್ತದೆ. ಪೆಟ್ಟು ಬೀಳುವುದು ಇಳಿದು ಕೂರುವಾಗ, ಅದಕ್ಕಿಂತ ಹೆಚ್ಚಾಗಿ ಎದ್ದು ನಿಲ್ಲುವಾಗ.

ರೇಸ್ ಸ್ವಭಾವದ ಟ್ರೈಕ್‌ಗಳಲ್ಲಿ ಸೀಟು ನೆಲದಿಂದ 20–25 ಸೆಂ.ಮೀ. ಇರುತ್ತದೆ, ಪ್ರವಾಸದ ಮಾದರಿಗಳಲ್ಲಿ 30–40, ಎತ್ತರದ ಮಾದರಿಗಳಲ್ಲಿ 45–55. ಇದರಲ್ಲಿ ನಿಮ್ಮದು ಯಾವುದು ಅಂತ ಮನೆ ಮೆಟ್ಟಿಲ ಮೇಲೇ ತಿಳಿಯುತ್ತದೆ. ಅಂಗಳದಲ್ಲಿ ಪಾದ ಊರಿ ಎರಡನೇ ಮೆಟ್ಟಿಲ ಮೇಲೆ ಕೂರಿ. ಒಂದು ಮೆಟ್ಟಿಲು 15–17 ಸೆಂ.ಮೀ. ಅಂತ ಹಿಡಿದರೆ ಅದು 30–34 ಸೆಂ.ಮೀ. ಎತ್ತರದ ಸೀಟು. ಪಾದವನ್ನು ತೊಡೆಯ ಅಡಿಗೆ ಎಳೆದುಕೊಳ್ಳಲು ಮೆಟ್ಟಿಲು ಬಿಡುವುದಿಲ್ಲ. ಟ್ರೈಕ್‌ನಲ್ಲೂ ಸೀಟಿನ ಮುಂದಿರುವ ಅಡ್ಡಕೊಳವೆ ಹಾಗೇ ತಡೆಯುತ್ತದೆ. ಅದಕ್ಕೇ ಈ ಪರೀಕ್ಷೆ ಕುರ್ಚಿಯ ಪರೀಕ್ಷೆಗಿಂತ ನಿಜಕ್ಕೆ ಹತ್ತಿರ. ಕೈ ಊರದೆ, ಬೆನ್ನು ತಿರುಚದೆ ಹತ್ತು ಸಲ ಎದ್ದು ಕೂರಿ. ಹತ್ತೂ ಸಲೀಸಾಗಿ ಆದರೆ ಪ್ರವಾಸದ ಮಾದರಿ ನಡೆಯುತ್ತದೆ. ನಾಲ್ಕನೆಯ ಸಲಕ್ಕೇ ಸೊಂಟ ಹಿಡಿದುಕೊಂಡರೆ 45 ಸೆಂ.ಮೀ.ಗಿಂತ ಕೆಳಗಿನ ಗಾಡಿಯನ್ನು ನೋಡಲೇ ಬೇಡಿ, ಅದೆಷ್ಟೇ ಚಂದವಿರಲಿ, ಅರ್ಧ ಬೆಲೆಗೇ ಸಿಗಲಿ.

ಇದೆಲ್ಲಕ್ಕೂ ಮೊದಲು ಡಾಕ್ಟರ ಒಪ್ಪಿಗೆ ಬೇಕು. "ಸೈಕಲ್ ತುಳಿಯಬಹುದಾ" ಅಂತಷ್ಟೇ ಕೇಳಿದರೆ ಅವರ ಕಣ್ಣ ಮುಂದೆ ಬರುವುದು ಮಾಮೂಲಿ ಸೈಕಲ್. ಟ್ರೈಕ್‌ನ ಚಿತ್ರ ತೋರಿಸಿ, ಇಷ್ಟು ಒರಗಿ ಕೂರುತ್ತೇನೆ, ಇಷ್ಟು ಕೆಳಗಿನಿಂದ ಏಳಬೇಕು, ಗುಂಡಿ ಬಂದರೆ ಕುಲುಕು ನೇರ ಬೆನ್ನಿಗೆ ಬರುತ್ತದೆ ಅಂತ ಹೇಳಿ ಕೇಳಿ. ಮೂಳೆ ಸವೆದು ಕುಸಿದವರಿಗೆ, ಬೆನ್ನಿಗೆ ರಾಡು ಸ್ಕ್ರೂ ಹಾಕಿಸಿಕೊಂಡವರಿಗೆ ಈ ಕೊನೆಯ ಪ್ರಶ್ನೆಯೇ ಮುಖ್ಯ. ತೊಡೆಸಂದು, ಗುದದ ಸುತ್ತ ಮರಗಟ್ಟಿದಂತಾದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಪಾದ ಎತ್ತಲಾಗದೆ ಸೋತರೆ ಅದು ಆ ಹೊತ್ತಿಗೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣ. ನಾಳೆಗೆ ಇಡಬೇಡಿ.

ಒರಗಿದರೆ ಹಿತ ಯಾಕೆ? ಬೆನ್ನು ಗೂನು ಮಾಡಿ ಕೂತಾಗ ಸೊಂಟದ ಡಿಸ್ಕ್‌ಗಳ ಮೇಲೆ ನಿಂತಾಗಿನದಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕ್‌ಗೇ ಸೂಜಿ ಇಳಿಸಿ ಇದನ್ನು ಅಳೆದಿದ್ದರು. ಹಿಂದಕ್ಕೆ ಒರಗಿ, ಸೊಂಟದ ಕುಳಿಗೆ ಆಸರೆ ಕೊಟ್ಟರೆ ಮೈಭಾರದ ಒಂದು ಪಾಲನ್ನು ಸೀಟಿನ ಬೆನ್ನೇ ಹೊರುತ್ತದೆ, ಒತ್ತಡ ಇಳಿಯುತ್ತದೆ. ಆದರೆ ಆಸರೆ ಇಲ್ಲದ ಒರಗು ಡಿಸ್ಕ್‌ನವರಿಗೆ ಒರಗೇ ಅಲ್ಲ. ಟ್ರೈಕ್‌ನ ಬಲೆ ಸೀಟು ಸಡಿಲವಾಗಿ ಜೋಲಿಯಂತೆ ಜೋತರೆ ಸೊಂಟ ಮತ್ತೆ ಗೂನಾಗುತ್ತದೆ. ಸೀಟಿನ ಹಿಂದೆ ಅಡ್ಡಡ್ಡ ಪಟ್ಟಿಗಳಿರುತ್ತವೆ. ಬೆಲ್ಟ್ ಕಟ್ಟುವ ಜಾಗದಿಂದ ಮೇಲಿನ ಮೂರು ನಾಲ್ಕು ಪಟ್ಟಿಗಳನ್ನು ಬಿಗಿ ಮಾಡಿ, ಬಾಲಮೂಳೆ ತಾಗುವಲ್ಲಿ ಒಂದನ್ನು ಸ್ವಲ್ಪ ಬಿಡಿ. ಕೂತ ಮೇಲೆ ಸೊಂಟದ ಹಿಂದೆ ಅಂಗೈ ತೂರಿಸಿ ನೋಡಿ. ಬಿಗಿಯಾಗಿ ಹೋಗಬೇಕು, ಸರಾಗವಾಗಿ ಆಚೆ ಬಂದರೆ ಇನ್ನೂ ಒಂದು ಪಟ್ಟಿ ಎಳೆಯಬೇಕು. ಬೆನ್ನುಹುರಿಯ ಕಾಲುವೆ ಕಿರಿದಾದವರ ಕಥೆ ಬೇರೆ, ಅವರಿಗೆ ಸೊಂಟ ತುಸು ಬಾಗಿದ್ದರೇ ಕಾಲಿನ ನೋವು ಕಡಿಮೆ. ಈ ಆಸರೆಯನ್ನು ಅವರು ಹಗುರವಾಗಿ ಇಟ್ಟುಕೊಳ್ಳಲಿ.

ಸೀಟಿನ ಓರೆಯನ್ನು ನೆಲಮಟ್ಟದಿಂದ ಅಳೆಯುತ್ತಾರೆ. 35–40 ಡಿಗ್ರಿ ಅಂದರೆ ಹೆಚ್ಚುಕಡಿಮೆ ಮಲಗಿದ ಹಾಗೆ, 60 ಅಂದರೆ ಕುರ್ಚಿಯ ಹಾಗೆ. ಶುರುವಿಗೆ 45–50 ಇಡಿ. ತೀರಾ ಮಲಗಿದರೆ ರಸ್ತೆ ನೋಡಲು ಕತ್ತು ಮುಂದಕ್ಕೆ ಬಗ್ಗಿಸಲೇಬೇಕು. ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು, ಇದ್ದವರಿಗೆ ಇದು ಬಲು ಮುಖ್ಯ: ಕೂತು, ಗದ್ದ ಎದೆಗೆ ತಂದು, ಮೊಣಕಾಲು ನೀಡಿಸಿ ಡಾಕ್ಟರು ನರ ಪರೀಕ್ಷೆ ಮಾಡುತ್ತಾರಲ್ಲ, ಟ್ರೈಕ್‌ನಲ್ಲಿ ತೀರಾ ಒರಗಿ ಕಾಲು ಪೂರ್ತಿ ಚಾಚಿದರೆ ಅದೇ ಭಂಗಿ ನಿಮಿಷಕ್ಕೆ 70 ಸಲ ಆಗುತ್ತದೆ. ಸಂಜೆ ಕಾಲು ಜೋಮು ಹಿಡಿದರೆ ಆಶ್ಚರ್ಯವಿಲ್ಲ. ತಲೆಗೆ ಒರಗುದಿಂಬು ಹಾಕಿಸಿ. ಪೆಡಲಿನ ಅಚ್ಚು ಸೀಟಿಗಿಂತ ತೀರಾ ಮೇಲಿರುವ ಮಾದರಿಯನ್ನೂ ಸಯಾಟಿಕಾದವರು ಬಿಡುವುದು ಒಳ್ಳೆಯದು.

ಕಾಲಿನ ಅಳತೆಗೆ ಗಾಡಿಯ ಮೂತಿಯನ್ನು, ಅಂದರೆ ಬೂಮ್ ಅನ್ನುವ ಮುಂದಿನ ಕೊಳವೆಯನ್ನು, ಒಳಕ್ಕೆ ಹೊರಕ್ಕೆ ಸರಿಸುತ್ತಾರೆ. ಬೆನ್ನನ್ನು ಸೀಟಿಗೆ ಪೂರ್ತಿ ತಾಗಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ತುಳಿದಾಗ ಅತಿ ದೂರದಲ್ಲಿ ಕಾಲು ನೇರವಾಗಬೇಕು, ಆದರೆ ಸೊಂಟ ಜಾರಬಾರದು. ಪಾದದ ಮುಂಭಾಗ ಇಟ್ಟು ತುಳಿದಾಗ ಮೊಣಕಾಲಿನಲ್ಲಿ ತುಸು ಬಾಗು ತಾನಾಗಿ ಉಳಿಯುತ್ತದೆ. ನರದ ನೋವಿದ್ದರೆ ಅಲ್ಲಿಂದ ಇನ್ನೂ 1 ಸೆಂ.ಮೀ. ಒಳಕ್ಕೆ ತನ್ನಿ. ಬೂಮ್ 1 ಸೆಂ.ಮೀ. ಸರಿದರೆ ಚೈನಿನ ಉದ್ದ ಮೇಲೂ ಕೆಳಗೂ ಸೇರಿ 2 ಸೆಂ.ಮೀ. ಬದಲಾಗುತ್ತದೆ, ಅದಕ್ಕಿಂತ ಹೆಚ್ಚು ಸರಿಸಿದಾಗ ಕೊಂಡಿ ಸೇರಿಸುವುದೋ ತೆಗೆಯುವುದೋ ಮಾಡಬೇಕಾಗಬಹುದು. ಬಿಗಿ ಮಾಡಿದ ಮೇಲೆ ಕೊಳವೆ ಸೇರುವ ಕಡೆ ನೈಲ್ ಪಾಲಿಶ್‌ನಲ್ಲಿ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದಿಡಿ. ಏರಿನಲ್ಲಿ ಬಲವಾಗಿ ತುಳಿದಾಗ ಬೂಮ್ ತಿರುಗಿಕೊಳ್ಳುತ್ತದೆ. ಗೆರೆ ಇಲ್ಲದಿದ್ದರೆ ಒಂದು ಕಡೆಯ ಸೊಂಟ ಮಾತ್ರ ಯಾಕೆ ನೋಯುತ್ತಿದೆ ಅಂತ ವಾರಗಟ್ಟಲೆ ಹುಡುಕುತ್ತಿರುತ್ತೀರಿ. ಪೆಡಲಿನ ತೋಳು 170 ಮಿ.ಮೀ. ಬದಲು 150–155 ಹಾಕಿಸಿದರೆ ಮೊಣಕಾಲೂ ಸೊಂಟವೂ ಕಡಿಮೆ ಮಡಚುತ್ತವೆ. ತೋಳು ಎಷ್ಟು ಗಿಡ್ಡವಾಯಿತೋ ಬೂಮನ್ನು ಅಷ್ಟೇ ಹೊರಕ್ಕೆ ಸರಿಸಬೇಕು.

ಮುಂದೆ ಎರಡು ಚಕ್ರ, ಹಿಂದೆ ಒಂದು ಇದ್ದರೆ ಟ್ಯಾಡ್‌ಪೋಲ್. ಗೊದಮೊಟ್ಟೆಯ ಹಾಗೆ ತಲೆ ಅಗಲ, ಬಾಲ ಸಣ್ಣ. ಮುಂದೆ ಒಂದು, ಹಿಂದೆ ಎರಡಿದ್ದರೆ ಡೆಲ್ಟಾ. ಡೆಲ್ಟಾದಲ್ಲಿ ಸೀಟು ಎತ್ತರ, ಮುಂದೆ ಅಡ್ಡಕೊಳವೆ ಇಲ್ಲ, ಕೂರುವುದು ಏಳುವುದು ಸುಲಭ. ಆದರೂ ಕೊಡಗಿಗೆ ಟ್ಯಾಡ್‌ಪೋಲನ್ನೇ ಹೇಳುತ್ತೇನೆ. ನಮ್ಮಲ್ಲಿ ಇಳಿಜಾರು ಮುಗಿಯುವ ಕಡೆಯೇ ತಿರುವಿರುತ್ತದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ಬರುತ್ತದೆ, ಡೆಲ್ಟಾಗೆ ಅಲ್ಲಿ ಇರುವುದು ಒಂದೇ ಚಕ್ರ, ಗಾಡಿ ಮಗುಚುವುದು ಹೀಗೆ. ಟ್ಯಾಡ್‌ಪೋಲ್ ಅದೇ ಭಾರವನ್ನು ಎರಡು ಚಕ್ರದ ಮೇಲೆ ತೆಗೆದುಕೊಳ್ಳುತ್ತದೆ. ಗೋಣಿಕೊಪ್ಪ–ಪೊನ್ನಂಪೇಟೆ ಕಡೆಯ ಗದ್ದೆ ಬಯಲಲ್ಲೋ ಕುಶಾಲನಗರದ ಸಮತಟ್ಟಿನಲ್ಲೋ ಮಾತ್ರ ಓಡಾಡುವವರಿಗೆ ಡೆಲ್ಟಾ ತಪ್ಪಲ್ಲ.

ಇನ್ನು ಗೇರು. ಮಾಮೂಲಿ ಸೈಕಲಿನಲ್ಲಿ ಏರು ಬಂದರೆ ಎದ್ದು ನಿಂತು ತುಳಿಯುತ್ತೇವೆ. ಟ್ರೈಕ್‌ನಲ್ಲಿ ಅದು ಸಾಧ್ಯವಿಲ್ಲ. ಬಲ ಬೇಕಾದಾಗ ಬೆನ್ನನ್ನು ಸೀಟಿಗೆ ಒತ್ತಿ ಕಾಲಿನಿಂದ ತಳ್ಳುತ್ತೇವೆ. ಆ ಒತ್ತು ನೇರ ಸೊಂಟಕ್ಕೆ, ಮೊಣಕಾಲಿಗೆ. ಹಾಗಾಗಿ ಒತ್ತುವ ಅಗತ್ಯವೇ ಬಾರದಷ್ಟು ಕೆಳಗಿನ ಗೇರು ಇರಬೇಕು. ಮುಂದೆ 30 ಹಲ್ಲು, ಹಿಂದೆ 36 ಹಲ್ಲು, 20 ಇಂಚಿನ ಚಕ್ರ: ಪೆಡಲಿನ ಒಂದು ಸುತ್ತಿಗೆ ಗಾಡಿ ಸುಮಾರು 1.33 ಮೀ. ಸರಿಯುತ್ತದೆ. ನಿಮಿಷಕ್ಕೆ 75 ಸುತ್ತು ತುಳಿದರೆ ಗಂಟೆಗೆ 6 ಕಿ.ಮೀ. ಎರಡು ಚಕ್ರದ ಸೈಕಲ್ ಆ ವೇಗದಲ್ಲಿ ತೂರಾಡಿ ಬೀಳುತ್ತದೆ, ಟ್ರೈಕ್ ಚೂರೂ ವಾಲದೆ ಹೋಗುತ್ತದೆ. ಮೂರನೇ ಚಕ್ರ ಇರುವುದೇ ಇದಕ್ಕೆ ಅನ್ನುವಷ್ಟು ದೊಡ್ಡ ಉಪಕಾರ ಇದು. ಹಿಂದಿನ ಚಕ್ರ 26 ಇಂಚಿನದಾದರೆ ಇದೇ ಹಲ್ಲುಗಳಲ್ಲಿ ಗೇರು ಮೂರನೇ ಒಂದರಷ್ಟು ಭಾರವಾಗುತ್ತದೆ, ಮುಂದೆ 22–24 ಹಲ್ಲಿನ ಸಣ್ಣ ಚಕ್ರ ಬೇಕಾಗುತ್ತದೆ. ಬದಲಿಗೆ ಒಂದು ಲಾಭವೂ ಉಂಟು: ಗೇರು ಬದಲಿಸುವ ಡಿರೈಲರ್ ನೆಲದಿಂದ ಮೇಲಿರುತ್ತದೆ, ತೋಟದ ದಾರಿಯ ಹುಲ್ಲು ಕೆಸರಿಗೆ ಸಿಕ್ಕುವುದಿಲ್ಲ.

ಮೋಟಾರು ಬೇಕಾ? ಬೆನ್ನು ನೊಂದು ಮಡಿಕೇರಿ, ಸೋಮವಾರಪೇಟೆ ಕಡೆ ಇರುವವರಿಗೆ ಬೇಕು ಅಂತಲೇ ನನ್ನ ಮಾತು. ಲೆಕ್ಕ ಹೀಗೆ: ಆಳು, ಗಾಡಿ, ಚೀಲ ಸೇರಿ 110 ಕೆ.ಜಿ. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 6 ಕಿ.ಮೀ. ಹೋಗಲು ಸುಮಾರು 155–160 ವಾಟ್ ಬೇಕು. ಚೇತರಿಸಿಕೊಳ್ಳುತ್ತಿರುವ ದೇಹ 70–80 ವಾಟ್ ಕೊಟ್ಟರೆ ಉಳಿದದ್ದನ್ನು ಮೋಟಾರು ಕೊಡಲಿ. ಚಕ್ರದ ಗುಂಬದಲ್ಲಿ ಕೂರುವ ಹಬ್ ಮೋಟಾರು ಇಂಥ ನಿಧಾನ ಏರಿನಲ್ಲಿ ತಿರುಗುವುದು ಕಡಿಮೆ, ಕಾಯುವುದು ಜಾಸ್ತಿ. ಪೆಡಲಿನ ಅಚ್ಚಿಗೆ ಸೇರುವ ಮಿಡ್ ಡ್ರೈವ್ ಮೋಟಾರು ಗೇರಿನ ಮೂಲಕ ಕೆಲಸ ಮಾಡುವುದರಿಂದ ಏರಿಗೆ ಅದೇ ಸರಿ. 250 ವಾಟ್ ಮತ್ತು ಗಂಟೆಗೆ 25 ಕಿ.ಮೀ. ಮಿತಿಯೊಳಗಿನದನ್ನೇ ತೆಗೆದುಕೊಳ್ಳಿ, ಅದನ್ನು ಮೀರಿದರೆ ನೋಂದಣಿ, ಲೈಸೆನ್ಸ್ ಎಲ್ಲ ಬೇಕಾಗುತ್ತದೆ.

ಏರಿದ್ದು ಇಳಿಯಲೇಬೇಕು. ಅದೇ 110 ಕೆ.ಜಿ. 100 ಮೀ. ಎತ್ತರ ಇಳಿಯುವಾಗ ಪೂರ್ತಿ ಬ್ರೇಕಿನಲ್ಲೇ ತಡೆದರೆ ಹುಟ್ಟುವ ಶಾಖ ಒಂದೂವರೆ ಲೋಟ ತಣ್ಣೀರನ್ನು ಕುದಿಸಲು ಸಾಕು. ಸಂಪಾಜೆ ಕಡೆ ಮಡಿಕೇರಿಯಿಂದ ಇಳಿಯುವವರು ಇಂಥ ನೂರು ಮೀಟರುಗಳನ್ನು ಬೆನ್ನುಬೆನ್ನಿಗೆ ಇಳಿಯುತ್ತಾರೆ. ಡ್ರಮ್ ಬ್ರೇಕು ಮಳೆಗೆ ಒಳ್ಳೆಯದು, ಕೆಸರು ಒಳಗೆ ಹೋಗುವುದಿಲ್ಲ, ಆದರೆ ಉದ್ದದ ಘಾಟಿಯಲ್ಲಿ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಲ್ಲಿಗೆ ಡಿಸ್ಕ್ ಬ್ರೇಕ್. ಒಂದೇ ಸಮನೆ ಸವರುತ್ತ ಇಳಿಯಬೇಡಿ. ಗಟ್ಟಿಯಾಗಿ ಹಿಡಿದು ವೇಗ 10ಕ್ಕೆ ಇಳಿಸಿ, ಬಿಟ್ಟು, ಮತ್ತೆ ಹಿಡಿಯಿರಿ. ಮುಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಲಿವರ್ ಇರುತ್ತದೆ, ಎರಡನ್ನೂ ಒಟ್ಟಿಗೆ ಒತ್ತಿ. ಕೊಳ್ಳುವಾಗ ಒಂದೊಂದನ್ನೇ ಹಿಡಿದು ಪರೀಕ್ಷಿಸಿ. ಹ್ಯಾಂಡಲ್ ಆ ಕಡೆಗೆ ಜಗ್ಗಿದರೆ ಮುಂಭಾಗದ ಜೋಡಣೆಯ ಕೋನವೇ ಸರಿಯಿಲ್ಲ ಅಂತ ಅರ್ಥ. ನೋಯುವ ಬೆನ್ನಿನವರು ಪ್ರತಿ ಬ್ರೇಕಿಗೂ ತೋಳು ಬಿಗಿ ಹಿಡಿದು ಅದನ್ನು ತಡೆಯುತ್ತಿರಬೇಕಾಗುತ್ತದೆ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಗಾಡಿಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಗುಂಡಿ. ಸೈಕಲಿನಲ್ಲಿ ಗುಂಡಿ ಕಂಡರೆ ಪಕ್ಕಕ್ಕೆ ತಪ್ಪಿಸಬಹುದು, ಇಲ್ಲವೇ ಸೀಟಿಂದ ಎದ್ದು ಕಾಲಿನ ಮೇಲೆ ತೆಗೆದುಕೊಳ್ಳಬಹುದು. ಟ್ರೈಕ್ ಮೂರು ಗೆರೆ ಎಳೆಯುತ್ತ ಹೋಗುತ್ತದೆ. ಮುಂದಿನ ಎರಡು ಚಕ್ರದ ನಡುವೆ ಗುಂಡಿಯನ್ನು ಹಾಯಿಸಿದೆ ಅನ್ನುವಷ್ಟರಲ್ಲಿ ಹಿಂದಿನದು ಅದರಲ್ಲೇ ಇಳಿಯುತ್ತದೆ, ಆ ಚಕ್ರ ಇರುವುದು ನಿಮ್ಮ ಬೆನ್ನಿನ ನೇರ ಹಿಂದೆ. ಹಿಂಬದಿ ಸಸ್ಪೆನ್ಷನ್ ಇರುವ ಮಾದರಿಗೆ ಹಣ ಹಾಕಿ, ಅದಕ್ಕೆ ಆಗದಿದ್ದರೆ 47–50 ಮಿ.ಮೀ. ಅಗಲದ ಟಯರು ಹಾಕಿ. ಗಾಳಿಯನ್ನು ಟಯರಿನ ಬದಿಯಲ್ಲಿ ಬರೆದ ಕನಿಷ್ಠಕ್ಕಿಂತ ಕೆಳಗಿಳಿಸದೆ 35–45 ಪಿ.ಎಸ್‌.ಐ.ನಲ್ಲಿ ಇಡಿ. ಪಂಪ್ ಹೊಡೆದು ಕಲ್ಲಿನಂತೆ ಗಟ್ಟಿ ಮಾಡುವ ಚಟ ನಮ್ಮಲ್ಲಿ ಬಹಳ ಮಂದಿಗಿದೆ, ಇಲ್ಲಿ ಅದು ಬೇಡ. ಟಯರಿನ ಮೇಲೆ 406 ಅನ್ನುವ ಸಂಖ್ಯೆ ಇದೆಯಾ ನೋಡಿ. ಮಕ್ಕಳ 20 ಇಂಚಿನ ಸೈಕಲಿನ ಟಯರು ಟ್ಯೂಬು ಹೆಚ್ಚಾಗಿ ಇದೇ ಅಳತೆ, ತುರ್ತಿಗೆ ಪೇಟೆಯ ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ. 451 ಅಂತ ಇದ್ದರೆ ಅದೂ 20 ಇಂಚೇ, ಆದರೆ ಒಂದಕ್ಕೊಂದು ಕೂರುವುದಿಲ್ಲ.

ಒಳ್ಳೆಯ ಗಾಡಿಗಳು ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು. ಎತ್ತರದ ಸೀಟು, ಸಸ್ಪೆನ್ಷನ್ ಎರಡೂ ಬೇಕಾದವರು ಜರ್ಮನಿಯ ಎಚ್‌ಪಿ ವೆಲೊಟೆಕ್ನಿಕ್‌ನ ಸ್ಕಾರ್ಪಿಯನ್ ಸಾಲನ್ನು, ಸಸ್ಪೆನ್ಷನ್ ಇದ್ದರೆ ಸಾಕು ಅನ್ನುವವರು ಇಂಗ್ಲೆಂಡಿನ ಐಸ್ ಕಂಪನಿಯ ಅಡ್ವೆಂಚರ್ ಮಾದರಿಯನ್ನು ನೋಡಬಹುದು. ಅಮೆರಿಕದ ಕ್ಯಾಟ್ರೈಕ್, ಟೆರ್ರಾಟ್ರೈಕ್, ಚೆಕ್ ದೇಶದ ಆಜುಬ್ ಕೂಡ ಇವೆ. ಸಾಗಣೆ, ಸುಂಕ ಸೇರಿದರೆ ಲಕ್ಷಗಳ ಲೆಕ್ಕ. ಅಷ್ಟು ಹಣ ಹಾಕುವ ಮೊದಲು ಯಾರದಾದರೂ ಗಾಡಿಯಲ್ಲಿ ಅರ್ಧ ಗಂಟೆಯಾದರೂ ಕೂತು ನೋಡಿ. ಅಗಲ 75–85 ಸೆಂ.ಮೀ. ಇರುತ್ತದೆ, ಸೈಕಲ್ ಇಡುವ ಕೋಣೆಯ ಬಾಗಿಲನ್ನು ಮೊದಲೇ ಅಳೆದಿಡಿ. ತೂಕ 16–22 ಕೆ.ಜಿ., ಮೋಟಾರು ಸೇರಿದರೆ ಇನ್ನೂ ಹೆಚ್ಚು. ಒಬ್ಬರೇ ಎತ್ತಿ ಪಿಕಪ್‌ಗೆ ಹಾಕುವ ಸಾಹಸ ಬೇಡವೇ ಬೇಡ. ಎರಡು ಹಲಗೆ ಇಟ್ಟು ತಳ್ಳಿ ಹತ್ತಿಸಿ.

ಮೊದಲ ಪಾಠಕ್ಕೆ ಕಾಫಿ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ. ಕಾಫಿ ಒಣಗಿಸಿ ಮುಗಿದ ಮೇಲೆ ಕಣ ಖಾಲಿ, ಸಿಮೆಂಟು ನೆಲ, ವಾಹನವಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ, ಅದಿಲ್ಲದಿದ್ದರೆ ಬ್ರೇಕ್ ಲಿವರಿಗೆ ಪಟ್ಟಿ ಸುತ್ತಿ ಕಟ್ಟಿ. ಅಡ್ಡಕೊಳವೆಯ ಮುಂದೆ, ನಡುಕೊಳವೆಯ ಎರಡೂ ಬದಿಗೆ ಕಾಲಿಟ್ಟು, ಸೀಟಿಗೆ ಬೆನ್ನು ಹಾಕಿ ನಿಲ್ಲಿ. ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ಸೊಂಟದ ಕೀಲಿನಿಂದ ಬಗ್ಗಿ, ಕೈಯನ್ನು ತೊಡೆಯ ಮೇಲೋ ಏಳಲು ಹಾಕಿಸಿದ ಹಿಡಿಯ ಮೇಲೋ ಇಟ್ಟು ಕೂರಿ. ಏಳುವಾಗ ಮೊದಲು ಸೀಟಿನ ಅಂಚಿಗೆ ಸರಿಯಿರಿ, ಪಾದವನ್ನು ಅಡ್ಡಕೊಳವೆಗೆ ತಾಗುವಷ್ಟು ಹಿಂದಕ್ಕೆ ತನ್ನಿ, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದಕ್ಕೆ ವಾಲಿ, ಆಮೇಲೆ ನೇರ ಏಳಿ. ಪಕ್ಕಕ್ಕೆ ತಿರುಗಿ ಏಳುವವರೇ ಮತ್ತೆ ಬೆನ್ನು ಹಿಡಿಸಿಕೊಳ್ಳುವುದು. ಮುಂದಿನ ಟಯರಿನ ಮೇಲೆ ಕೈ ಊರುವ ಅಭ್ಯಾಸ ಬೇಡ, ಬ್ರೇಕ್ ಮರೆತ ದಿನ ಅದು ಉರುಳುತ್ತದೆ.

ಪಾದ ಪೆಡಲಿಗೆ ಕಟ್ಟಿಕೊಂಡೇ ಇರಬೇಕು. ಹಿಮ್ಮಡಿ ಪಟ್ಟಿಯೋ ಕ್ಲಿಪ್ ಶೂವೋ ಯಾವುದಾದರೂ ಸರಿ. ಪಾದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ, ಕಾಲು ಅಡ್ಡಕೊಳವೆಯ ಅಡಿಗೆ ಎಳೆದುಕೊಂಡು ಹೋಗಿ ಮುರಿಯುತ್ತದೆ. ಟ್ರೈಕ್‌ನಲ್ಲಿ ಆಗುವ ತೀರಾ ಕೆಟ್ಟ ಗಾಯಗಳಲ್ಲಿ ಇದೊಂದು, ಕಣದಲ್ಲಿ ಒಂದು ಸುತ್ತಿಗೂ ಪಟ್ಟಿ ಇಲ್ಲದೆ ಹೋಗಬೇಡಿ.

ಮೊದಲ ವಾರ ದಿನ ಬಿಟ್ಟು ದಿನ 10 ನಿಮಿಷ. ಮರುದಿನ ಬೆಳಿಗ್ಗೆ ನೋವು ಮಾಮೂಲಿಗಿಂತ ಹೆಚ್ಚಿಲ್ಲದಿದ್ದರೆ 5 ನಿಮಿಷ ಕೂಡಿಸಿ. ನೋವು ಪಾದದಿಂದ ಮೇಲೆ ಬಂದು ಸೊಂಟದಲ್ಲಿ ಮಾತ್ರ ಉಳಿದರೆ ಅದು ಒಳ್ಳೆಯ ಸೂಚನೆ. ಸೊಂಟದಿಂದ ಕೆಳಗಿಳಿದು ಮೀನಖಂಡ, ಪಾದಕ್ಕೆ ಹೋದರೆ ನಿಲ್ಲಿಸಿ, ಸೀಟಿನ ಓರೆ ಮತ್ತು ಬೂಮ್ ಮತ್ತೆ ನೋಡಿ. ಹಾಸಿಗೆಯಿಂದ ಎದ್ದ ಕೂಡಲೇ ಹೊರಡಬೇಡಿ. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಮೊದಲ ಒಂದು ಗಂಟೆ ಬಗ್ಗುವುದೆಲ್ಲ ಅವಕ್ಕೆ ಹೆಚ್ಚು ಭಾರ. ಕಾಫಿ ಕುಡಿದು, ಅಂಗಳದಲ್ಲಿ ಓಡಾಡಿ, ಬಿಸಿಲು ಬಂದ ಮೇಲೆ ಹೊರಡಿ.

ಬಿಸಿಲಿಗೆ ಕಾಯಲು ಇನ್ನೊಂದು ಕಾರಣ ಆನೆ. ಸಿದ್ದಾಪುರ, ತಿತಿಮತಿ, ಕುಟ್ಟ ಕಡೆ ಮುಂಜಾನೆ ಮುಸ್ಸಂಜೆ ರಸ್ತೆ ಅವುಗಳದ್ದು. ಟ್ರೈಕ್‌ನಲ್ಲಿ ಕೂತವರ ಕಣ್ಣು ಬೇಲಿಗಿಂತ ಕೆಳಗಿರುತ್ತದೆ, ಆಚೆ ಏನು ನಿಂತಿದೆ ಕಾಣುವುದಿಲ್ಲ. ಕಂಡರೂ ಪಟ್ಟಿ ಬಿಚ್ಚಿ ಎದ್ದು ಓಡುವ ಬೆನ್ನಲ್ಲ ಇದು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 5ರ ಮೇಲೆ ಕಾಡಂಚಿನ ದಾರಿ ಬೇಡ. ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಬಂದಿದೆ ಅಂತ ಬಿದ್ದ ದಿನ ಕಣವೇ ಸಾಕು.

ಜೀಪು, ಬಸ್ಸಿನವರಿಗೂ ನೀವು ಕಾಣಬೇಕು. ನೆಲದಿಂದ 1.5–1.8 ಮೀ. ಎತ್ತರಕ್ಕೆ ಬರುವ ಕಿತ್ತಳೆ ಬಾವುಟ, ಹಗಲಲ್ಲೂ ಮಿನುಗುವ ಹಿಂದಿನ ದೀಪ, ಎರಡೂ ಬದಿಗೆ ಕನ್ನಡಿ. ಕನ್ನಡಿ ಒಂದೇ ಇದ್ದರೆ ಇನ್ನೊಂದು ಬದಿಗೆ ಬೆನ್ನು ತಿರುಚಿ ನೋಡುತ್ತೀರಿ. ಮಂಜು ಕವಿದ ದಿನ ಬಾವುಟವೂ ಉಪಯೋಗಕ್ಕಿಲ್ಲ, ಹೊರಡಬೇಡಿ.

ಮಳೆಗಾಲದಲ್ಲಿ ಜಾರುವುದು ಹಿಂದಿನ ಚಕ್ರ. ನೆರಳಿನ ರಸ್ತೆಯ ಪಾಚಿ, ಸಿಲ್ವರ್ ಓಕ್ ಎಲೆಯ ಮೇಲೆ ಏರುವಾಗ ಅದು ನಿಂತಲ್ಲೇ ತಿರುಗುತ್ತದೆ. ಸಾಮಾನನ್ನು ಹಿಂದಿನ ಚೀಲಕ್ಕೆ ಹಾಕಿ ಭಾರ ಕೊಡಿ. ಚೈನು ಮಾಮೂಲಿ ಸೈಕಲಿನ ಮೂರು ಚೈನಿನಷ್ಟು ಉದ್ದ, ಪ್ಲಾಸ್ಟಿಕ್ ಕೊಳವೆಯೊಳಗೆ ಹಾದು ಬರುತ್ತದೆ. ಕೆಂಪು ಮಣ್ಣು ಆ ಕೊಳವೆಯಲ್ಲಿ ಕೂತು ಮರಳುಕಾಗದದ ಹಾಗೆ ತೇಯುತ್ತದೆ, ವಾರಕ್ಕೊಮ್ಮೆ ನೀರು ಹಾಯಿಸಿ, ಒರೆಸಿ, ಎಣ್ಣೆ ಬಿಡಿ. ಸೀಟಿನ ಬಲೆಯನ್ನು ಬಿಚ್ಚಿ ಒಲೆ ಇರುವ ಕೋಣೆಯಲ್ಲಿ ತೂಗುಹಾಕಿ, ಇಲ್ಲದಿದ್ದರೆ ಕಕ್ಕಡ (ಜೋರು ಮಳೆಯ ಕೊಡವ ತಿಂಗಳು) ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಒದ್ದೆಯಾಗಿ ಒಣಗಿದ ಪಟ್ಟಿ ಸಡಿಲವಾಗಿರುತ್ತದೆ, ಮತ್ತೆ ಹಾಕುವಾಗ ಅಂಗೈ ಪರೀಕ್ಷೆ ಮತ್ತೊಮ್ಮೆ ಮಾಡಿ.

ಮುಂದಿನ ಟಯರು ಬೇಗ ಸವೆದರೆ ಎರಡು ಚಕ್ರಗಳೂ ಒಂದೇ ನೇರಕ್ಕೆ ಇಲ್ಲ. ಒಬ್ಬರು ಸೀಟಿನಲ್ಲಿ ಕೂರಬೇಕು, ಇನ್ನೊಬ್ಬರು ಅಚ್ಚಿನ ಎತ್ತರದಲ್ಲಿ ಎರಡು ರಿಮ್‌ಗಳ ನಡುವಿನ ಅಂತರವನ್ನು ಮುಂದೊಮ್ಮೆ, ಹಿಂದೊಮ್ಮೆ ಅಳೆಯಬೇಕು. ಮುಂದಿನದು ಸಮ ಇರಬೇಕು, ಇಲ್ಲವೇ 1–2 ಮಿ.ಮೀ. ಕಡಿಮೆ ಇರಬೇಕು. ಬಗ್ಗಿ ಅಳೆಯುವ ಕೆಲಸ ಬೆನ್ನು ಗಟ್ಟಿ ಇರುವವರದ್ದು. ಪಂಕ್ಚರ್ ಆದಾಗಲೂ ನೆಲಕ್ಕೆ ಕೂರಬೇಡಿ, ಗಾಡಿಯನ್ನು ಇಬ್ಬರು ಹಿಡಿದು ಕಟ್ಟೆಯ ಮೇಲೆ ಪಕ್ಕಕ್ಕೆ ಮಲಗಿಸಿ. ಮುಂದಿನ ಚಕ್ರಗಳ ಅಚ್ಚು ಒಂದೇ ಬದಿಗೆ ಇರುವುದರಿಂದ ಚಕ್ರ ಬಿಚ್ಚದೆಯೇ ಟ್ಯೂಬು ಹೊರಗೆ ಬರುತ್ತದೆ.